ಮಸ್ಟರ್ ರೋಲಿನಲ್ಲಿ ನೋವಿಗೆ ಮನೆಯಿಲ್ಲ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಮ್ ಆಫೀಸ್ ಗುಮಾಸ್ತೆ. ಬೆಳಿಗ್ಗೆ ಪಂಚಿಂಗ್ ಮಿಷನ್ನಿನ ಪಟ್ಟಿ ತೆಗೆದು, ಯಾವ ಲೈನಿಗೆ ಎಷ್ಟು ಜನ ಬಂದರು, ಎಷ್ಟು ಜನ ಬರಲಿಲ್ಲ ಅಂತ ಫ್ಲೋರ್ ಇನ್‌ಚಾರ್ಜ್ ಕೈಗೆ ಕೊಡುವುದು ನನ್ನ ದಿನದ ಮೊದಲ ಕೆಲಸ. ಒಂಬೈನೂರು ಹೆಂಗಸರು, ನೂರೈವತ್ತು ಚಿಲ್ಲರೆ ಗಂಡಸರು. ಅಷ್ಟೂ ಜನರ ತಿಂಗಳ ಹಾಜರಿ ಪಟ್ಟಿ, ಅಂದರೆ ಮಸ್ಟರ್ ರೋಲ್, ನನ್ನ ಪರದೆಯ ಮೇಲೆ ಚೌಕಾಬಾರದ ಹಾಗೆ ಸಣ್ಣ ಸಣ್ಣ ಮನೆಗಳಾಗಿ ಹರಡಿರುತ್ತದೆ. ಬಂದವರ ಮನೆಗೆ ‘ಪಿ’, ಬಾರದವರ ಮನೆಗೆ ‘ಎ’, ಗಳಿಕೆ ರಜೆಗೆ ‘ಇ.ಎಲ್.’, ಭಾನುವಾರಕ್ಕೆ ‘ಡಬ್ಲ್ಯು.ಓ.’

2025ರ ಕೊನೆಯಲ್ಲಿ ಇದಕ್ಕೊಂದು ಹೊಸ ಅಕ್ಷರ ಸೇರಿತು. ನೀವು ಕೊಟ್ಟ ಮುಟ್ಟಿನ ರಜೆ. ಮೊದಲ ತಿಂಗಳು ಸಾಫ್ಟ್‌ವೇರಿನಲ್ಲಿ ಅದನ್ನು ‘ಎಂ.ಎಲ್.’ ಅಂತ ಕೂರಿಸಿದರು. ಎಂ.ಎಲ್. ಅಂದರೆ ಅಲ್ಲಿ ಮೊದಲಿಂದಲೂ ಹೆರಿಗೆ ರಜೆ. ಐವತ್ತು ವರ್ಷದ ಹೆಲ್ಪರ್ ಒಬ್ಬರ ಲೆಕ್ಕಕ್ಕೆ ಹೆರಿಗೆ ರಜೆ ಬಿದ್ದು, ಇಡೀ ಲೈನ್ ಮೂರು ದಿನ ನಕ್ಕಿತು. ಅವರೂ ನಕ್ಕರು. ಆಮೇಲೆ ‘ಎಂ.ಎಸ್.’ ಅಂತ ತಿದ್ದಿದೆವು.

ನಗು ಇರಲಿ. ಆ ರಜೆಗೆ ಮೊದಲು ನಿಮಗೆ ಕೃತಜ್ಞತೆ ಹೇಳಬೇಕು. ಬಿಹಾರದಲ್ಲಿ 1992ರಿಂದಲೇ ತಿಂಗಳಿಗೆ ಎರಡು ದಿನ ಕೊಡುತ್ತಿದ್ದಾರೆ, ಆದರೆ ಅದು ಸರ್ಕಾರಿ ನೌಕರಿಯವರಿಗೆ. ಖಾಸಗಿ ಕಾರ್ಖಾನೆಯ ಹೊಲಿಗೆ ಮಿಷನ್ನಿನ ಮುಂದೆ ಕೂತವಳಿಗೂ ಸಂಬಳ ಸಮೇತ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಡಾಕ್ಟರ್ ಚೀಟಿ ಬೇಡ ಅಂತ ನೀವು ಹೇಳಿದಿರಿ. ಅಕ್ಟೋಬರ್ 9ರಂದು ಸಂಪುಟ ಒಪ್ಪಿದ ಸುದ್ದಿಯನ್ನು ಕ್ಯಾಂಟೀನಿನಲ್ಲಿ ಮೊಬೈಲ್ ಹಿಡಿದು ಓದಿದವಳು ನಾನೇ. ಆದೇಶದ ಮಸಿ ಆರುವ ಮೊದಲೇ ಹೋಟೆಲ್ ಮಾಲೀಕರ ಸಂಘ ಹೈಕೋರ್ಟ್ ಮೆಟ್ಟಿಲು ಹತ್ತಿದ್ದನ್ನೂ ಓದಿದೆ. ನೀವು ಹಿಂದೆ ಸರಿಯಲಿಲ್ಲ. ಇಷ್ಟು ಮಾಡಿದವರ ಹತ್ತಿರ ಇನ್ನಷ್ಟು ಕೇಳಬಹುದು ಅನ್ನಿಸಿದ್ದಕ್ಕೆ ಈ ಪತ್ರ.

ನನಗೆ ಎಂಡೊಮೆಟ್ರಿಯೋಸಿಸ್ ಇದೆ. ಹೆಸರು ಹೇಳಲು ನನಗೇ ಒಂದು ವಾರ ಹಿಡಿದಿತ್ತು. ಗರ್ಭಕೋಶದ ಒಳಪದರದಂಥದ್ದೇ ಒಂದು ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ, ಎಲ್ಲೆಂದರಲ್ಲಿ ಬೆಳೆಯುತ್ತದೆ. ಒಳಗೆ ಉರಿಯೂತವಾಗಿ, ಕಲೆಗಟ್ಟಿ, ಅಂಗಕ್ಕೆ ಅಂಗ ಅಂಟಿಕೊಳ್ಳುತ್ತದೆ. ನನ್ನ ಡಾಕ್ಟರಮ್ಮ ಹೇಳಿದ್ದು ಇನ್ನೂ ಸರಳವಾಗಿ: ‘ಮುದ್ದೆ ಪಾತ್ರೆಗೆ ಹತ್ತಿಕೊಂಡ ಹಾಗೆ ಕರುಳು ಹಿಂದಕ್ಕೆ ಹತ್ತಿಕೊಂಡಿದೆ ಕಣಮ್ಮ.’ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ, ಜಗತ್ತಿನಲ್ಲಿ 19 ಕೋಟಿ ಜನಕ್ಕೆ ಇದು ಇದೆ. ಗುಮಾಸ್ತೆಯ ಬುದ್ಧಿ, ತಕ್ಷಣ ಭಾಗಿಸಿ ನೋಡಿದೆ. ಆ ಲೆಕ್ಕ ನಮ್ಮ ಮೇಲೂ ಕೂರುವುದಾದರೆ ನಮ್ಮ ಒಂಬೈನೂರರಲ್ಲಿ ತೊಂಬತ್ತು ಜನ. ಒಂದೂವರೆ ಲೈನ್ ತುಂಬುವಷ್ಟು. ರೋಗದ ಹೆಸರು ಗೊತ್ತಿರುವವರು, ನನಗೆ ತಿಳಿದ ಮಟ್ಟಿಗೆ, ನಾನು ಮತ್ತು ಫಿನಿಶಿಂಗ್‌ನ ಇನ್ನೊಬ್ಬಳು.

ಹದಿನಾಲ್ಕನೇ ವಯಸ್ಸಿಗೆ ನೋವು ಶುರುವಾಯಿತು. ಮೂವತ್ತೊಂದಕ್ಕೆ ಹೆಸರು ಸಿಕ್ಕಿತು. ನಡುವೆ ಹದಿನೇಳು ವರ್ಷ. ಆ ಹದಿನೇಳು ವರ್ಷದಲ್ಲಿ ನನಗೆ ಸಿಕ್ಕ ಔಷಧಿಗಳು: ಜೀರಿಗೆ ಕಷಾಯ, ಮೆಂತ್ಯ, ಬಿಸಿನೀರಿನ ಬಾಟಲಿ, ಮೆಫೆನಾಮಿಕ್ ಆಸಿಡ್ ಮಾತ್ರೆ, ‘ಎಲ್ಲರಿಗೂ ಇರೋದೇ’ ಅನ್ನುವ ಮಾತು. ಆಮೇಲೆ ‘ಮದುವೆಯಾದರೆ ಸರಿಹೋಗುತ್ತೆ’. ಮದುವೆಯಾದೆ. ‘ಒಂದು ಮಗುವಾದರೆ ಸರಿಹೋಗುತ್ತೆ.’ ಮಗು ಆಗಲಿಲ್ಲ. ಆಗದಿರುವುದಕ್ಕೆ ಇದೇ ಕಾಯಿಲೆ ಕಾರಣವಿರಬಹುದು ಅಂತ ಆಗ ಯಾರೂ ಹೇಳಲಿಲ್ಲ. ಬಸುರಾದರೆ ಈ ಕಾಯಿಲೆ ವಾಸಿಯಾಗುವುದೂ ಇಲ್ಲ ಅಂತ ಈಗ ಗೊತ್ತು. ಮೂರು ಸಲ ಸ್ಕ್ಯಾನ್ ಮಾಡಿಸಿದೆ, ಮೂರು ಸಲವೂ ನಾರ್ಮಲ್. ತೆಳ್ಳಗೆ ಹರಡಿಕೊಂಡ ಅಂಗಾಂಶ ಮಾಮೂಲಿ ಸ್ಕ್ಯಾನಿಗೆ ಕಾಣುವುದಿಲ್ಲವಂತೆ. ನಾರ್ಮಲ್ ಅನ್ನುವ ರಿಪೋರ್ಟು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ನಿಂತು ಬರುವಾಗ ನನಗೇ ನನ್ನ ಮೇಲೆ ಅನುಮಾನ. ನಾನು ನಾಟಕ ಮಾಡುತ್ತಿದ್ದೇನೆಯೆ?

ಟೈಮ್ ಆಫೀಸಿಗೆ ಬರುವ ಮೊದಲು ಆರು ವರ್ಷ ಇದೇ ಕಾರ್ಖಾನೆಯಲ್ಲಿ ಚೆಕ್ಕರ್ ಆಗಿದ್ದೆ. ಚೆಕ್ಕರ್ ಕೆಲಸ ನಿಮಗೆ ಗೊತ್ತಿರಲಿಕ್ಕಿಲ್ಲ. ಲೈನಿನ ಕೊನೆಯಲ್ಲಿ ಟೇಬಲ್ ಮುಂದೆ ನಿಂತು, ಬಂದ ಪೀಸನ್ನು ಒಳಗೆ ಹೊರಗೆ ತಿರುಗಿಸಿ, ಕಾಲರ್, ಕಫ್, ಸೈಡ್ ಸೀಮ್ ನೋಡಿ, ಸರಿಯಿದ್ದರೆ ಪಾಸ್, ಇಲ್ಲದಿದ್ದರೆ ಬಾಣದ ಸ್ಟಿಕ್ಕರ್ ಅಂಟಿಸಿ ಆಲ್ಟರ್‌ಗೆ, ಅಂದರೆ ತಿದ್ದಲು, ಕಳಿಸಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ. ಎಂಟು ಗಂಟೆಯೂ ನಿಂತೇ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ನಿಂತು ದುಡಿಯುವವರಿಗೆ, ಕೆಲಸದ ನಡುವೆ ಸಮಯ ಸಿಕ್ಕಾಗ ಕೂರಲು ಆಸನ ಇರಬೇಕು ಅನ್ನುತ್ತಿತ್ತು. ಇದನ್ನು ನಾನು ಓದಿದ್ದು ಟೈಮ್ ಆಫೀಸಿಗೆ ಬಂದ ಮೇಲೆ, ಗೋಡೆಗೆ ಅಂಟಿಸಿದ್ದ ಕಾಯ್ದೆಯ ಸಾರಾಂಶದಿಂದ ಕುತೂಹಲ ಹುಟ್ಟಿ. 2025ರ ನವೆಂಬರ್‌ನಿಂದ ಆ ಹಳೆಯ ಕಾಯ್ದೆಗಳೆಲ್ಲ ಕಾರ್ಮಿಕ ಸಂಹಿತೆಗಳಾಗಿವೆಯಂತೆ. ಸ್ಟೂಲ್ ಮಾತ್ರ ಹಳೆಯದರಲ್ಲೂ ಬಂದಿರಲಿಲ್ಲ.

ನೋವಿರುವ ದಿನ ಚೆಕ್ಕರ್‌ಗೆ ಏನಾಗುತ್ತದೆ ಹೇಳುತ್ತೇನೆ. ನಿಂತ ಕಾಲಿನಿಂದ ಸೊಂಟದ ತನಕ ಒಂದು ತಂತಿ ಎಳೆದ ಹಾಗೆ. ಮಲವಿಸರ್ಜನೆಗೆ ಕೂತರೆ ಒಳಗೆ ಚಾಕು ತಿರುವಿದ ಹಾಗೆ. ಹಾಗಾಗಿ ಬೆಳಿಗ್ಗೆ ಏನೂ ತಿನ್ನದೆ ಬರುವುದು. ತಿನ್ನದೆ ಮಾತ್ರೆ ನುಂಗಿದರೆ ಹೊಟ್ಟೆ ಉರಿ. ಹನ್ನೊಂದು ಗಂಟೆ ಹೊತ್ತಿಗೆ ಕಣ್ಣೆದುರಿನ ಹೊಲಿಗೆ ಕಾಣುತ್ತದೆ, ಆದರೆ ತಲೆಗೆ ಹೋಗುವುದಿಲ್ಲ. ನಡುವೆ ಹೊಲಿಗೆ ತಪ್ಪಿದ, ಸ್ಕಿಪ್ ಸ್ಟಿಚ್ ಇರುವ ಪೀಸನ್ನು ಪಾಸ್ ಮಾಡಿಬಿಟ್ಟಿರುತ್ತೀರಿ. ಸಂಜೆ, ನೂರು ಪೀಸಿಗೆ ಎಷ್ಟು ದೋಷ ಅಂತ ತೋರಿಸುವ ಡಿ.ಎಚ್.ಯು. ಚಾರ್ಟಿನಲ್ಲಿ ಲೈನಿನ ಗೆರೆ ಮೇಲೇರುತ್ತದೆ, ಎಲ್ಲರೆದುರು ಬೈಗುಳ. ಮಸ್ಟರ್ ರೋಲ್ ಆ ದಿನವನ್ನು ಏನೆಂದು ಬರೆದುಕೊಂಡಿರುತ್ತದೆ? ‘ಪಿ’. ಬಂದಿದ್ದಳು. ನೋವಿನಿಂದ ಕಾರ್ಖಾನೆಗೆ ಎಷ್ಟು ನಷ್ಟ ಅಂತ ಯಾವತ್ತಾದರೂ ಯಾರಾದರೂ ಲೆಕ್ಕ ತೆಗೆದರೆ ಅವರು ‘ಎ’ಗಳನ್ನು ಎಣಿಸುತ್ತಾರೆ. ನಿಜವಾದ ನಷ್ಟ ಇರುವುದು ‘ಪಿ’ಗಳ ಒಳಗೆ.

ಇನ್ನು ಬಾರದ ದಿನಗಳ ಕತೆ. ನಮ್ಮಲ್ಲಿ ತಿಂಗಳಿಡೀ ಒಂದು ದಿನವೂ ತಪ್ಪಿಸದೆ ಬಂದರೆ ಹಾಜರಿ ಬೋನಸ್ ಉಂಟು. ಆರುನೂರು ರೂಪಾಯಿ. ನಿಮಗದು ಸಣ್ಣ ಮೊತ್ತ ಇರಬಹುದು. ನಮಗೆ ಒಂದು ಸಿಲಿಂಡರಿನ ಬಹುಪಾಲು. ಒಂದು ದಿನ ತಪ್ಪಿದರೆ ಬೋನಸ್ ಪೂರ್ತಿ ಹೋಯಿತು. ಹೋದ ಮೇಲೆ ಎರಡನೇ ದಿನವೂ ಮಲಗುವುದೇ ಲಾಭ. ಹೇಗೂ ಹೋಗಿದೆ ತಾನೆ. ಇದು ಸೋಮಾರಿತನ ಅಲ್ಲ ಸ್ವಾಮಿ, ಲೆಕ್ಕ. ರಜೆ ಕೇಳುವಾಗ ಹೊಟ್ಟೆನೋವು ಅಂತ ಹೇಳುವಂತಿಲ್ಲ, ಪ್ರತಿ ತಿಂಗಳೂ ಹೇಳಿದರೆ ಯಾರು ನಂಬುತ್ತಾರೆ? ಊರಹಬ್ಬ, ನೆಂಟರ ತಿಥಿ, ಅತ್ತೆಗೆ ಹುಷಾರಿಲ್ಲ. ನಮ್ಮತ್ತೆಯನ್ನು ನಾನು ಈ ಹದಿಮೂರು ವರ್ಷದಲ್ಲಿ ಎಷ್ಟು ಸಲ ಆಸ್ಪತ್ರೆಗೆ ಸೇರಿಸಿದ್ದೇನೋ ಲೆಕ್ಕವಿಲ್ಲ. ಆಯಮ್ಮ ಗುಂಡುಕಲ್ಲಿನ ಹಾಗಿದ್ದಾರೆ, ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ.

ಸೂಪರ್‌ವೈಸರ್ ಆಗುತ್ತೀಯಾ ಅಂತ ಒಮ್ಮೆ ಕೇಳಿದ್ದರು. ಬೇಡ ಅಂದೆ. ಇಡೀ ಲೈನ್ ನನ್ನ ಮೇಲೆ ನಿಂತಿರುವಾಗ ತಿಂಗಳಲ್ಲಿ ಮೂರು ದಿನ ನಾನು ಗೋಡೆ ಹಿಡಿದು ನಿಂತಿದ್ದರೆ ಹೇಗೆ? ‘ಜವಾಬ್ದಾರಿ ತಗೊಳ್ಳೋ ಮನಸ್ಸಿಲ್ಲ’ ಅಂತ ನನ್ನ ಫೈಲಿನಲ್ಲಿ ಬರೆದರು. ಆ ಫೈಲ್ ಈಗ ನನ್ನ ಬೀರುವಿನಲ್ಲೇ ಇದೆ.

ಈಗ ನಿಮ್ಮ 12 ದಿನಗಳಿಗೆ ಬರುತ್ತೇನೆ. ರಜೆ ಬಂದ ಮೇಲೆ ಟೈಮ್ ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲಿ ನನ್ನದೇ ನೋವಿನ ದಿನಗಳಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತ ಬಂದೆ. ಒಂದು ತಿಂಗಳು ಐದು ಚುಕ್ಕೆ. ಮುಂದಿನ ತಿಂಗಳು ಒಂದೂ ಇಲ್ಲ. ಅದರ ಮುಂದಿನ ತಿಂಗಳು ಮುಟ್ಟಿನ ದಿನ ಪರವಾಗಿಲ್ಲ, ಹದಿನಾಲ್ಕು ದಿನ ಕಳೆದು ಎರಡು ರಾತ್ರಿ ನಿದ್ದೆಯಿಲ್ಲ. ನೋವು ಮುಟ್ಟಿಗೆ ಅಂಟಿಕೊಂಡು ಶುರುವಾದದ್ದು ನಿಜ, ಆದರೆ ವರ್ಷಗಳು ಕಳೆದ ಹಾಗೆ ಅದು ಕ್ಯಾಲೆಂಡರ್ ಬಿಟ್ಟು ಅಲೆಯತೊಡಗುತ್ತದೆ. ಈ ತಿಂಗಳು ಬಳಸದ ರಜೆ ಮುಂದಿನ ತಿಂಗಳಿಗೆ ಬರುವುದಿಲ್ಲ ಅಂತ ನಿಮ್ಮ ಆದೇಶ ಹೇಳುತ್ತದೆ. ಚುಕ್ಕೆಯಿಲ್ಲದ ತಿಂಗಳ ರಜೆ ಹಾಳಾಯಿತು. ಐದು ಚುಕ್ಕೆಯ ತಿಂಗಳಿನ ನಾಲ್ಕು ದಿನಕ್ಕೆ ಮತ್ತೆ ಅತ್ತೆ ಆಸ್ಪತ್ರೆಗೆ ಸೇರಬೇಕು. ಮುಟ್ಟಿನ ರಜೆ ಪಡೆದರೆ ಹಾಜರಿ ಬೋನಸ್ ಉಳಿಯುತ್ತದೆಯೇ ಅಂತ ನಮ್ಮ ಆಡಳಿತವನ್ನು ಕೇಳಿದೆ. ‘ಆದೇಶದಲ್ಲಿ ಸಂಬಳ ಅಂತ ಇದೆ, ಬೋನಸ್ ಅಂತ ಇಲ್ಲವಲ್ಲ’ ಅಂದರು. ಆ ಒಂದು ಮಾತಿಗೆ ಎಷ್ಟೋ ಹೆಂಗಸರು ರಜೆ ಬಿಟ್ಟು ಬಂದು ‘ಪಿ’ ಹಾಕಿಸಿಕೊಂಡರು.

ನನ್ನಜ್ಜಿಯ ಕಾಲದಲ್ಲಿ ಮೂರು ದಿನ ಹೊರಗೆ ಕೂರಿಸುತ್ತಿದ್ದರು. ‘ಕಾಗೆ ಮುಟ್ಟಿತು’ ಅಂದರೆ ಮುಗಿಯಿತು, ಹಟ್ಟಿಯ ಮೂಲೆ, ಬೇರೆ ತಟ್ಟೆ, ಬೇರೆ ಚಾಪೆ. ನಾನು ಅದನ್ನು ಹೊಗಳುತ್ತಿಲ್ಲ. ಹಾಗೆ ಕೂತವಳ ಅವಮಾನ ನನಗೆ ಗೊತ್ತು. ಆದರೆ ಯೋಚನೆ ಮಾಡಿದಾಗಲೆಲ್ಲ ಒಂದು ವಿಷಯ ಕಾಡುತ್ತದೆ. ಆ ಮೂರು ದಿನ ಕೊಟ್ಟದ್ದು ಮೈಲಿಗೆಗೆ, ನೋವಿಗಲ್ಲ. ನೋವಿದೆಯೇ ಅಂತ ಯಾರೂ ಕೇಳುತ್ತಿರಲಿಲ್ಲ. ನೀವು ಕೊಟ್ಟ ಒಂದು ದಿನವೂ ಮುಟ್ಟಿಗೆ ಕೊಟ್ಟದ್ದು. ನೋವಿನ ಸರದಿ ಇನ್ನೂ ಬಂದಿಲ್ಲ.

ಹಾಗಂತ ಇದು ಹೆಂಗಸರ ವಿಷಯ ಮಾತ್ರ ಅಂದುಕೊಳ್ಳಬೇಡಿ. ಕಟಿಂಗ್ ವಿಭಾಗದಲ್ಲಿ ಇಪ್ಪತ್ತೇಳು ವರ್ಷದ ಹುಡುಗನೊಬ್ಬನಿದ್ದಾನೆ. ಬೆಳಿಗ್ಗೆ ಎದ್ದರೆ ಬೆನ್ನು ಹಲಗೆ. ಒಂದು ಗಂಟೆ ಓಡಾಡಿದ ಮೇಲೆ ಸಡಿಲವಾಗುತ್ತದೆ, ಮಧ್ಯಾಹ್ನ ನೋಡಿದರೆ ಎಲ್ಲರ ಹಾಗೇ ಇರುತ್ತಾನೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅಂತ ಮೈಸೂರಿನಲ್ಲಿ ಹೇಳಿದ್ದಾರೆ. ಅವನಿಗೆ ರಜೆಯೇ ಬೇಡ. ಮಲಗಿದಷ್ಟೂ ಆ ರೋಗ ಬಿಗಿಯುತ್ತದೆ. ಅವನು ಕೇಳುವುದು ಒಂಬತ್ತರ ಬದಲು ಹತ್ತಕ್ಕೆ ಬಂದು, ಆರರ ಬದಲು ಏಳಕ್ಕೆ ಹೋಗುವ ಅವಕಾಶ. ಪಂಚಿಂಗ್ ಮಿಷನ್ನಿಗೆ ಅದು ತಿಳಿಯುವುದಿಲ್ಲ. ಹತ್ತು ನಿಮಿಷ ತಡವಾದರೂ ಅರ್ಧ ದಿನ ಕತ್ತರಿಸುತ್ತದೆ. ಕತ್ತರಿಸುವ ಗುಂಡಿ ಒತ್ತುವವಳು ನಾನೇ. ಸಂಜೆ ಅವನು ಚುರುಕಾಗಿ ನಡೆಯುವುದನ್ನು ನೋಡಿದ ಸೆಕ್ಯುರಿಟಿಯವರು ‘ಬೆಳಿಗ್ಗೆ ಮಾತ್ರ ಬೆನ್ನುನೋವೇನಪ್ಪಾ?’ ಅಂತ ಅಣಕಿಸುತ್ತಾರೆ. ಹೌದು, ಬೆಳಿಗ್ಗೆ ಮಾತ್ರ. ರೋಗದ ಸ್ವಭಾವವೇ ಅದು.

ಕಾರ್ಮಿಕರ ರಾಜ್ಯ ವಿಮೆ, ಇ.ಎಸ್.ಐ., ಇದೆಯಲ್ಲ ಅನ್ನುತ್ತೀರಿ. ಇದೆ. ನನ್ನ ಸಂಬಳ 21,000ದ ಒಳಗಿರುವುದರಿಂದ ನಾನೂ ಅದರವಳೇ, ತಿಂಗಳಿಗೆ ನನ್ನಿಂದ ಶೇಕಡಾ 0.75, ಕಂಪನಿಯಿಂದ ಶೇಕಡಾ 3.25 ಹೋಗುತ್ತದೆ. ಕಾಯಿಲೆ ಬಿದ್ದರೆ ದಿನದ ಕೂಲಿಯ ಶೇಕಡಾ 70, ವರ್ಷಕ್ಕೆ 91 ದಿನದವರೆಗೆ. ಕಾಗದದ ಮೇಲೆ ನೋಡಿದರೆ ಧಾರಾಳ. ಆದರೆ ಅದರೊಳಗೊಂದು ಮುಳ್ಳಿದೆ, ಅದನ್ನು ನಿಮ್ಮ ಗಮನಕ್ಕೆ ತರುವುದೇ ಈ ಪತ್ರದ ಮುಖ್ಯ ಉದ್ದೇಶ ಅಂದರೂ ಸರಿ. ಕಾಯಿಲೆಯ ಮೊದಲ ಎರಡು ದಿನಕ್ಕೆ ಭತ್ಯೆ ಇಲ್ಲ. ಕಾಯುವ ಅವಧಿ. ಹಿಂದಿನ ಸಲ ಭತ್ಯೆ ಪಡೆದ ಕಾಯಿಲೆ ಮುಗಿದ ಹದಿನೈದು ದಿನದೊಳಗೆ ಮತ್ತೆ ಬಿದ್ದರೆ ಮಾತ್ರ ಅದಕ್ಕೆ ವಿನಾಯಿತಿ.

ನನ್ನ ಲೆಕ್ಕ ಹಾಕಿ. ತಿಂಗಳಿಗೆ ಎರಡು ದಿನ ಮೇಲೇಳಲಾಗದ ನೋವು ಅಂತಿಟ್ಟುಕೊಳ್ಳಿ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಇಪ್ಪತ್ತೈದು ದಿನದ ಅಂತರ. ವರ್ಷಕ್ಕೆ 24 ದಿನ. ಪ್ರತಿ ಸಲವೂ ಎರಡೂ ದಿನ ಕಾಯುವ ಅವಧಿಯಲ್ಲೇ ಮುಗಿಯಿತು. ಭತ್ಯೆ ಸೊನ್ನೆ. ಅದೇ 24 ದಿನ ಒಂದೇ ಸಲ ಕಾಲು ಮುರಿದುಕೊಂಡು ಮಲಗಿದ್ದರೆ 22 ದಿನಕ್ಕೆ ದುಡ್ಡು ಬರುತ್ತಿತ್ತು. ದಿನ ಅಷ್ಟೇ, ಹಾಸಿಗೆ ಅದೇ. ಬಿಡಿಬಿಡಿಯಾಗಿ ಬಂದದ್ದೇ ತಪ್ಪು. ಈ ನಿಯಮ ಮಾಡಿದವರ ಕಣ್ಣೆದುರು ಇದ್ದ ಕಾಯಿಲೆ ಒಮ್ಮೆ ಬಂದು ಒಮ್ಮೆ ಹೋಗುವಂಥದ್ದು, ಟೈಫಾಯ್ಡ್‌ನ ಹಾಗೆ. ಹೋಗಿ ಹೋಗಿ ಬರುವ ಕಾಯಿಲೆ ಅವರ ಲೆಕ್ಕದಲ್ಲಿ ಇರಲಿಲ್ಲ. ಹೆಚ್ಚು ಕಾಲ ಭತ್ಯೆ ಕೊಡುವ ದೀರ್ಘ ಕಾಯಿಲೆಗಳ ಪಟ್ಟಿ ಬೇರೆಯೇ ಇದೆ, ಅದರಲ್ಲಿ 34 ಹೆಸರು. ಕ್ಷಯ, ಕುಷ್ಠ, ಬೆನ್ನುಮೂಳೆಯ ಡಿಸ್ಕ್ ಜಾರಿದ್ದು ಎಲ್ಲ ಇವೆ. ಎಂಡೊಮೆಟ್ರಿಯೋಸಿಸ್ ಇಲ್ಲ. ಅಂಗವಿಕಲರ 2016ರ ಕಾಯ್ದೆಯಲ್ಲಿ 21 ಬಗೆ ಇವೆ. ದೀರ್ಘಕಾಲದ ನೋವು ಅಂತ ಒಂದು ಬಗೆ ಅಲ್ಲೂ ಇಲ್ಲ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯವರು 2022ರಿಂದ ಜಾರಿಯಾದ ತಮ್ಮ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ನೋವಿಗೇ ಒಂದು ಸಂಕೇತ ಕೊಟ್ಟಿದ್ದಾರೆ, ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವು ಅಂತ. ಮರುಕಳಿಸುವ ಅನ್ನುವ ಆ ಪದ ಓದಿದಾಗ ನನಗೆ ಅಳು ಬಂತು. ಜಿನೀವಾದಲ್ಲಿ ಯಾರಿಗೋ ಗೊತ್ತಿದೆ!

ಇ.ಎಸ್.ಐ. ನಿಯಮ ಮಾಡುವವರು ದೆಹಲಿಯವರು, ನೀವಲ್ಲ ಅಂತ ಬಲ್ಲೆ. ಆದರೆ ಡಿಸ್ಪೆನ್ಸರಿಗಳು, ಅಲ್ಲಿನ ಡಾಕ್ಟರುಗಳು ನಿಮ್ಮ ಇಲಾಖೆಯ ಕೆಳಗೇ ಬರುತ್ತಾರೆ. ದೆಹಲಿಗೆ ಒಂದು ಪತ್ರ ಬರೆಯಿರಿ: ಒಮ್ಮೆ ತಜ್ಞರು ಗುರುತಿಸಿ ಬರೆದುಕೊಟ್ಟ ಮರುಕಳಿಸುವ ಕಾಯಿಲೆಗೆ ಪ್ರತಿ ಸಲ ಹೊಸದಾಗಿ ಕಾಯುವ ಅವಧಿ ಬೇಡ, ವರ್ಷಕ್ಕೊಮ್ಮೆ ಎರಡು ದಿನ ಕಳೆದರೆ ಸಾಕು ಅಂತ. ನಿಮ್ಮ ಡಿಸ್ಪೆನ್ಸರಿಗಳಿಗೆ ಒಂದು ಸುತ್ತೋಲೆ ಕಳಿಸಿ: ಹೊಟ್ಟೆನೋವು ಅಂತ ಪದೇ ಪದೇ ಬರುವ ಹೆಣ್ಣುಮಗಳನ್ನು ಮಲವಿಸರ್ಜನೆಗೆ ಹೋದಾಗ ನೋಯುತ್ತದೆಯೇ, ಗಂಡನ ಜೊತೆ ಇದ್ದಾಗ ನೋಯುತ್ತದೆಯೇ, ಮುಟ್ಟಿಲ್ಲದಾಗಲೂ ನೋಯುತ್ತದೆಯೇ ಅಂತ ಕೇಳಲಿ. ಈ ಮೂರು ಪ್ರಶ್ನೆಯನ್ನು ಹದಿನೇಳು ವರ್ಷದಲ್ಲಿ ನನ್ನನ್ನು ಯಾರಾದರೂ ಒಬ್ಬರು ಕೇಳಿದ್ದರೆ ನಾನು ಇಷ್ಟು ದೂರ ಬರಬೇಕಿರಲಿಲ್ಲ. ಕೊನೆಗೆ ಕೇಳಿದವರು ಒಬ್ಬ ಡಾಕ್ಟರಮ್ಮ, ಐದು ನಿಮಿಷದಲ್ಲಿ. ಆಮೇಲೆ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್, ಆಯಿತು, ಈಗ ದಿನಕ್ಕೊಂದು ಡೈನೊಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ. ಪೂರ್ತಿ ವಾಸಿಯಾಗಿಲ್ಲ. ಆಪರೇಷನ್ ಆದ ಮೇಲೂ ಮರಳಬಹುದು ಅಂದಿದ್ದಾರೆ. ಆದರೆ ಹೆಸರು ಗೊತ್ತಿರುವ ನೋವು ಸ್ವಲ್ಪ ಕಡಿಮೆ ನೋಯುತ್ತದೆ, ಅಥವಾ ಹಾಗೆ ಅನ್ನಿಸುತ್ತದೆ.

ನಿಮ್ಮ ಕೈಯಲ್ಲೇ ಇರುವುದೂ ಇದೆ. 12 ದಿನವನ್ನು ಹೆಚ್ಚಿಸಿ ಅಂತ ನಾನು ಕೇಳುತ್ತಿಲ್ಲ. ಮಾಲೀಕರು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನೇ ಕಡಿಮೆ ಮಾಡಿಯಾರು ಅನ್ನುವ ಹೆದರಿಕೆ ನನಗೂ ಇದೆ. ಇರುವ 12ನ್ನೇ ಸಡಿಲ ಮಾಡಿ. ಮೂರು ತಿಂಗಳಿಗೆ ಮೂರು ಅಂತ ಒಟ್ಟು ಮಾಡಿ ಬಳಸಲು ಬಿಡಿ, ಅರ್ಧ ದಿನವಾಗಿ ತೆಗೆದುಕೊಳ್ಳಲು ಬಿಡಿ. ಎಷ್ಟೋ ಸಲ ಬೆಳಿಗ್ಗೆ ಎರಡು ಗಂಟೆ ಮಲಗಿದರೆ ಮಧ್ಯಾಹ್ನ ಬರಬಹುದು. ಈ ರಜೆಗೆ ಹಾಜರಿ ಬೋನಸ್ ಕತ್ತರಿಸಬಾರದು ಅಂತ ಒಂದೇ ಒಂದು ಸಾಲು ಆದೇಶಕ್ಕೆ ಸೇರಿಸಿ. ಡಾಕ್ಟರ್ ಬರೆದುಕೊಟ್ಟವರಿಗೆ, ಗಂಡಾಗಲಿ ಹೆಣ್ಣಾಗಲಿ, ಒಂದು ಗಂಟೆ ಆಚೀಚೆ ಬಂದು ಹೋಗುವ ಅವಕಾಶ ಕೊಡಿ. ಕಟಿಂಗ್‌ನ ಹುಡುಗನಿಗೆ ಅಷ್ಟು ಸಾಕು. ನಿಮ್ಮ ಇನ್ಸ್‌ಪೆಕ್ಟರು ಬಂದಾಗ ಆಫೀಸಿನಲ್ಲಿ ಕಾಫಿ ಕುಡಿದು ರಿಜಿಸ್ಟರ್ ನೋಡಿ ಹೋಗುವ ಬದಲು ಒಮ್ಮೆ ಲೈನಿನ ಕೊನೆಗೆ ನಡೆದು ಹೋಗಿ ಚೆಕ್ಕರ್ ಟೇಬಲ್ಲಿನ ಪಕ್ಕ ಸ್ಟೂಲ್ ಇದೆಯೇ ನೋಡಲಿ.

2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡಿನ ನಿಯಮ ಬದಲಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ ಕೂತರು. ದೆಹಲಿ ಮರುದಿನವೇ ನಿಯಮ ವಾಪಸು ತೆಗೆದುಕೊಂಡಿತು. ಹೊಟ್ಟೆನೋವಿಗೆ ಯಾರೂ ರಸ್ತೆಯಲ್ಲಿ ಕೂರುವುದಿಲ್ಲ. ಕೂರಲು ಆಗುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾಳೆ 25ನೇ ತಾರೀಕು, ಈ ತಿಂಗಳ ಮಸ್ಟರ್ ಮುಚ್ಚಬೇಕು. ನಾಲ್ಕನೇ ಲೈನಿನ ಒಬ್ಬ ಹುಡುಗಿಯ ಚೀಟಿ ಮೇಜಿನ ಮೇಲಿದೆ, ಹತ್ತೊಂಬತ್ತು ವರ್ಷ, ಸೇರಿ ಎಂಟು ತಿಂಗಳು. ಮುಟ್ಟಿನ ರಜೆ ಮೂರನೇ ತಾರೀಕಿಗೇ ಮುಗಿದಿದೆ. ಮೊನ್ನೆ ಹದಿನೆಂಟು, ಹತ್ತೊಂಬತ್ತು ಎರಡು ದಿನ ಬಂದಿಲ್ಲ. ಕಾರಣದ ಜಾಗ ಖಾಲಿ ಬಿಟ್ಟಿದ್ದಾಳೆ. ಕರೆದು ಕೇಳಿದರೆ ತಲೆ ತಗ್ಗಿಸಿ, ‘ಹೊಟ್ಟೆನೋವು ಅಕ್ಕ, ಮುಟ್ಟಿಂದಲ್ಲ’ ಅಂದಳು. ಮೂರು ಪ್ರಶ್ನೆ ಕೇಳಿದೆ. ಎರಡಕ್ಕೆ ಹೌದು ಅಂದಳು, ಮದುವೆಯಾಗಿಲ್ಲದ್ದರಿಂದ ಇನ್ನೊಂದನ್ನು ಬಿಟ್ಟೆ. ಭಾನುವಾರ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಷ್ಟರೊಳಗೆ ಆ ಎರಡು ಮನೆಗಳಿಗೆ ಯಾವ ಅಕ್ಷರ ತುಂಬಲಿ, ತಿಳಿಸಿ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಟೈಮ್ ಆಫೀಸ್ ಗುಮಾಸ್ತೆ